ಗಿಡ್ಡ ನಳಿಗೆಯ ಕೋವಿ ಹಿಡಿದು ಒಂದು ದಿನ

ಅಮೆರಿಕದ ವರ್ಮಾಂಟ್‌ನಲ್ಲಿ ನವೆಂಬರ್ ಅಂದ್ರೆ ಜಿಂಕೆ ಬೇಟೆಯ ಕಾಲ. ಹೊಸ ಹಿಮ ಬಿದ್ದ ಬೆಳಿಗ್ಗೆ ಇಲ್ಲಿನ ಹಳಬರು ಗಂಡು ಜಿಂಕೆಯ ಹೆಜ್ಜೆ ಹಿಡಿದು ಮೈಲಿಗಟ್ಟಲೆ ನಡೆಯುತ್ತಾರೆ. ಅಂಥ ಒಂದು ದಿನ ಪಕ್ಕದ ಮನೆಯ ಹಿರಿಯರು ತಮ್ಮ ರೆಮಿಂಗ್ಟನ್ 7600 ಕೋವಿಯ ಕಾರ್ಬೈನ್, ಅಂದ್ರೆ ಗಿಡ್ಡ ನಳಿಗೆಯ ಮಾದರಿ, ನನಗೆ ಕೊಟ್ಟು, ನನ್ನ ಉದ್ದದ 7600 ತಾವು ತೆಗೆದುಕೊಂಡರು. ಎರಡೂ ಥರ್ಟಿ-ಆಟ್-ಸಿಕ್ಸ್ ಅಳತೆಯ ಗುಂಡಿನವು, ಎರಡೂ ಪಂಪ್, ಅಂದ್ರೆ ನಳಿಗೆಯ ಕೆಳಗಿನ ಹಿಡಿ ಹಿಂದೆಳೆದು ಮುಂದೆ ತಳ್ಳಿದರೆ ಮುಂದಿನ ಗುಂಡು ಒಳಗೆ ಕೂರುವಂಥವು. ನನ್ನದರ ನಳಿಗೆ 22 ಇಂಚು, ಅವರದು 18.5.

ಕೊಡಗಿನ ನಮ್ಮ ಮನೆಯಲ್ಲಿ ಕೈಲ್ ಮುಹೂರ್ತಕ್ಕೆ ಪೂಜೆಗಿಡುವುದು ಉದ್ದ ನಳಿಗೆಯ ಜೋಡಿ ಕೋವಿ. ಹಾಗಾಗಿ ಗಿಡ್ಡದ್ದರ ಮೇಲೆ ನನಗೆ ನಂಬಿಕೆ ಕಡಿಮೆಯೇ ಇತ್ತು. ಸ್ಪ್ರೂಸ್ ಸಸಿಗಳ ಒತ್ತಿನೊಳಗೆ ನುಗ್ಗಿದ ಮೇಲೆ ಅದು ಬದಲಾಯಿತು. ಉದ್ದ ನಳಿಗೆ ಕೊಂಬೆಗೆ ತಾಗಿದರೆ ಸದ್ದು, ಮೇಲಿಂದ ಕುತ್ತಿಗೆಯೊಳಗೆ ಹಿಮ. ಈ ಗಿಡ್ಡದ್ದು ಸುಮ್ನೆ ಮೈಗೆ ಅಂಟಿಕೊಂಡು ಬಂತು. ನಳಿಗೆಯ ಬಾಯಿಗೆ ಹಿರಿಯರು ಕರೆಂಟ್ ಟೇಪ್ ಅಂಟಿಸಿದ್ದರು. ಒಳಗೆ ಹಿಮ ಕಟ್ಟಿಕೊಂಡರೆ ಈಡು ಹೊಡೆದಾಗ ನಳಿಗೆಯೇ ಸಿಡಿಯಬಹುದು, ಅಲ್ವಾ?

ಮಧ್ಯಾಹ್ನ ನಲವತ್ತು ಗಜದಾಚೆ ಜಿಂಕೆ ಎದ್ದಿತು. ಮೊದಲ ಗುಂಡು ಎಳೆಯ ಬೀಚ್ ಮರಕ್ಕೆ ಬಡಿಯಿತು. ಕೆನ್ನೆ ಎತ್ತದೆ, ಕಣ್ಣು ಕದಲಿಸದೆ ಎಡಗೈ ಹಿಂದೆಳೆದು ಮುಂದೆ ತಳ್ಳಿದೆ. ಎರಡನೆಯದು ಭುಜದ ಹಿಂದೆಯೇ ಹೊಕ್ಕಿತು. ಪಂಪ್ ಬೇಕಾಗುವುದು ಇದಕ್ಕೇ.

ಆದರೆ ಕಿವಿ! ರಾತ್ರಿ ಮಲಗುವವರೆಗೂ ಗುಂಯ್ ಅನ್ನುತ್ತಿತ್ತು. ನಳಿಗೆ ಗಿಡ್ಡವಾದಷ್ಟೂ ಗುಂಡು ಹೊರಬೀಳುವಾಗ ಅದರ ಹಿಂದಿನ ಅನಿಲದ ಒತ್ತಡ ಜಾಸ್ತಿ. ಅದೆಲ್ಲ ಸದ್ದು, ಬೆಂಕಿಯಾಗಿ ಮುಖದೆದುರೇ ಒಡೆಯುತ್ತದೆ. ಎಲ್ಲರೂ ವೇಗದ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ನಳಿಗೆ ಒಂದು ಇಂಚು ಗಿಡ್ಡವಾದರೆ ಗುಂಡಿನ ವೇಗ ಸೆಕೆಂಡಿಗೆ ಸುಮಾರು 20–25 ಅಡಿ ಕಡಿಮೆಯಾಗುತ್ತದೆ, ನಿಜ. ಕಾಡಿನ ದೂರಕ್ಕೆ ಅದು ಲೆಕ್ಕಕ್ಕೇ ಬಾರದು. ನನ್ನ ಪ್ರಕಾರ ನಿಜವಾದ ಬೆಲೆ ತೆರುವುದು ಕಿವಿ. ಮೂತಿ ಹಗುರವಾದ್ದರಿಂದ ಓಡುವ ಜಿಂಕೆಯ ಹಿಂದೆ ಕೋವಿ ತಿರುಗಿಸುವಾಗ ನಡುವೆಯೇ ನಿಂತುಬಿಡುವ ಕಾಟವೂ ಇದೆ. ಅದನ್ನು ಅಭ್ಯಾಸದಿಂದ ತಿದ್ದಿಕೊಳ್ಳಬಹುದು. ಹೋದ ಕಿವಿ ಮಾತ್ರ ಮರಳಿ ಬರುವುದಿಲ್ಲ.

ಮುಂದಿನ ಹಿಮಕ್ಕೆ ನಾನೂ ಕಾರ್ಬೈನ್ ಕೊಳ್ಳುತ್ತೇನೆ. ಅದಕ್ಕೂ ಮೊದಲು, ಎಲೆಯ ಸರಪರ ಕೇಳಿಸಿ ಈಡಿನ ಸದ್ದನ್ನಷ್ಟೇ ತಡೆಯುವ ಎಲೆಕ್ಟ್ರಾನಿಕ್ ಇಯರ್‌ಮಫ್. ಉದ್ದದ್ದನ್ನು ಮಾರುವುದಿಲ್ಲ, ಜೋಳದ ಹೊಲದಂಚಿನಲ್ಲಿ ಕೂರುವ ದಿನಕ್ಕೆ ಅದೇ ಸರಿ.