ಆಲ್ಬಂ ಅಂದ್ರೆ ಎಷ್ಟು ಹಾಡು?

ಹಾಸನದಿಂದ ಚಿಕ್ಕಮ್ಮನ ಮಗ ತನ್ನ ಹೊಸ ಆಲ್ಬಂ ಸಾಂಗ್ ಕಳಿಸಿದ್ದ. ಇಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ, ಪಕ್ಕದಲ್ಲಿದ್ದ ಸಹೋದ್ಯೋಗಿಗೆ ಹೆಮ್ಮೆಯಿಂದ ಕೇಳಿಸಿದೆ. ಪೂರ್ತಿ ಕೇಳಿ, "ಚೆನ್ನಾಗಿದೆ, ಉಳಿದ ಹಾಡುಗಳು?" ಅಂದರು. ಇರೋದೇ ಒಂದು ಅಂದೆ. "ಮತ್ತೆ ಆಲ್ಬಂ ಅಂದ್ರಲ್ಲ?"

ಸಿನಿಮಾಕ್ಕೆ ಸೇರದ ಹಾಡಿಗೆ ನಮ್ಮಲ್ಲಿ ಅದೇ ಹೆಸರು ಅಂತ ಬಿಡಿಸಿ ಹೇಳಬೇಕಾಯಿತು. ಕೊರಿಯನ್ನರ ಲೆಕ್ಕ ಬೇರೆ. ಹತ್ತರ ಆಸುಪಾಸು ಹಾಡಿದ್ದರೆ 'ಜೊಂಗ್ಯು', ಪೂರ್ಣ ಆಲ್ಬಂ. ಐದಾರಿದ್ದರೆ ಮಿನಿ ಆಲ್ಬಂ. ಅಮೆರಿಕದಲ್ಲಿ ಅದು ಇಪಿ, ಅಂದರೆ ಎಕ್ಸ್‌ಟೆಂಡೆಡ್ ಪ್ಲೇ. ಎರಡು ಮೂರಿದ್ದರೆ 'ಸಿಂಗಲ್ ಆಲ್ಬಂ'! ಎಲ್‌ಪಿ, ಅಂದರೆ ಲಾಂಗ್ ಪ್ಲೇ, ಅನ್ನುವ ಮಾತಿನ ಅರ್ಥವೂ ಇಲ್ಲಿ ಬೇರೆ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ನಿಮಿಷಕ್ಕೆ 33⅓ ಸುತ್ತಿನ ಗ್ರಾಮಫೋನ್ ತಟ್ಟೆ ತಂದಾಗ, ಹೆಚ್ಚು ಹೊತ್ತು ಹಾಡುತ್ತದೆಂದು ಇಟ್ಟ ಹೆಸರದು. ಇಲ್ಲಿ ವಿನೈಲ್ ತಟ್ಟೆಗಳಿಗೆಲ್ಲ ಎಲ್‌ಪಿ ಎಂದೇ ಹೆಸರು, ಅವನ್ನು ಹಾಕಿ ಕೇಳಿಸುವ ಬಾರ್‌ಗಳು 'ಎಲ್‌ಪಿ ಬಾರ್'.

ಮುಂದಿನ ವಾರ ಅವರ ಮನೆಗೆ ಕರೆದರು. ಮಗಳು ತನ್ನ ಮೆಚ್ಚಿನ ಗಾಯಕನ ಆಲ್ಬಂ ತಂದು ತೋರಿಸಿದಳು. ಪಠ್ಯಪುಸ್ತಕದಷ್ಟು ದಪ್ಪನೆಯ ಡಬ್ಬಿ. ಮೇಲೆ ಫೋಟೋ ಪುಸ್ತಕ, ಅದರೊಳಗೆ ಗಾಯಕನ ಫೋಟೋ ಕಾರ್ಡು, ಅದನ್ನು ಅಂಚು ಹಿಡಿದೇ ಎತ್ತಿದಳು. ಸಿಡಿ ತಳದಲ್ಲಿತ್ತು, ಗೀರೊಂದೂ ಇಲ್ಲ. ಅವರ ಮನೆಯಲ್ಲಿ ಸಿಡಿ ಪ್ಲೇಯರೇ ಇಲ್ಲ.

ನನಗೆ ಮೈ ಜುಮ್ಮೆಂದಿತು. ಯಾಕೆಂದರೆ ಆಲ್ಬಂ ಹುಟ್ಟಿದ್ದೇ ಹೀಗೆ. ಎಲ್‌ಪಿಗೂ ಹಿಂದಿನ, ನಿಮಿಷಕ್ಕೆ 78 ಸುತ್ತಿನ ಹತ್ತಿಂಚಿನ ತಟ್ಟೆಯಲ್ಲಿ ಒಂದು ಬದಿಗೆ ಮೂರೇ ನಿಮಿಷ ಹಿಡಿಯುತ್ತಿತ್ತು. ದೊಡ್ಡ ಕೃತಿಗೆ ನಾಲ್ಕೈದು ತಟ್ಟೆ ಬೇಕು, ಅವನ್ನು ಫೋಟೋ ಆಲ್ಬಮ್ಮಿನಂಥ ಪುಸ್ತಕದ ಚೀಲಗಳಲ್ಲಿ ಸೇರಿಸಿ ಮಾರುತ್ತಿದ್ದರು. ತಟ್ಟೆ ಹೋಗಿ ಹೆಸರು ಉಳಿಯಿತು, ಈಗ ಈ ಹುಡುಗಿಯ ಕೈಯಲ್ಲಿ ಆ ಹೆಸರಿಗೆ ಮತ್ತೆ ಫೋಟೋ ಬಂದು ಸೇರಿದೆ.

ಕೊರಿಯನ್ನರು ಧ್ವನಿಮುದ್ರಿಕೆಗೆ 'ಉಮ್ಬಾನ್' ಅನ್ನುತ್ತಾರೆ. ಉಮ್ ಅಂದರೆ ನಾದ, ಬಾನ್ ಅಂದರೆ ತಟ್ಟೆ. ನಮ್ಮಜ್ಜ "ಪ್ಲೇಟು ಹಾಕು" ಅನ್ನುತ್ತಿದ್ದದ್ದೂ ಅದನ್ನೇ ಅಲ್ಲವೇ!

ರಾತ್ರಿ ಅಮ್ಮನ ಫೋನು. "ಅವನ ಹೊಸ ಕ್ಯಾಸೆಟ್ಟು ಕೇಳಿದ್ಯೇನೋ?"

"ಕೇಳ್ದೆ ಅಮ್ಮ," ಅಂದೆ.