ಬಾಕಿ ಸೊನ್ನೆ ಅಂದರೆ ಬಿಲ್ ಇಲ್ಲ ಅಂತಲ್ಲ

ಜೆ.ಪಿ. ನಗರದ ಅಪಾರ್ಟ್‌ಮೆಂಟ್ ಒಂದಕ್ಕೆ ಮೇಂಟೆನೆನ್ಸ್ ಬಿಲ್ ನೋಡುವ ಪುಟ ಮಾಡಿಕೊಟ್ಟಿದ್ದೆವು. ಹೋದ ತಿಂಗಳು ಅಲ್ಲಿನ ಹಿರಿಯರೊಬ್ಬರು ಫೋನ್ ಮಾಡಿದರು. "ದುಡ್ಡು ಕಟ್ಟಿ ಎರಡು ದಿನ ಆಯ್ತು ಕಣಮ್ಮಾ, ಬಿಲ್ಲೇ ತಯಾರಾಗಿಲ್ಲ ಅಂತ ತೋರಿಸ್ತಿದೆ. ರಸೀದಿ ಎಲ್ಲಿ?" ಆ ಕೋಡ್ ಬರೆದವಳು ನಾನು.

ತಪ್ಪು ಕೊನೆಗೆ ಸಿಕ್ಕಿದ್ದು ಒಂದೇ ಪದದಲ್ಲಿ. ಆ ಪುಟ ಬರೆದಿದ್ದು ಪಿಎಚ್‌ಪಿ ಅನ್ನುವ ವೆಬ್ ಭಾಷೆಯಲ್ಲಿ. ಬಾಕಿ ಇದೆಯೋ ಇಲ್ಲವೋ ನೋಡಲು, 'ಖಾಲಿಯೇ?' ಅಂತ ಪರೀಕ್ಷಿಸುವ ಅದರ ಎಂಪ್ಟಿ (empty) ಬಳಸಿದ್ದೆ. ಪಿಎಚ್‌ಪಿಯಲ್ಲಿ ನಲ್ (null, ಅಂದರೆ ಮೌಲ್ಯವೇ ಇಲ್ಲ) ಇದ್ದರೂ, 0 ಇದ್ದರೂ, ಕೋಟ್ಸ್ ಒಳಗಿನ '0' ಇದ್ದರೂ ಎಂಪ್ಟಿ 'ಖಾಲಿ' ಅಂತಲೇ ಹೇಳುತ್ತದೆ. ಬಿಲ್ ಆಗದವರ ಬಾಕಿ ನಲ್, ಪೂರ್ತಿ ಕಟ್ಟಿದವರದ್ದು 0. ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿಬಿಟ್ಟಿದ್ದೆ.

ಅದನ್ನು ಹುಡುಕಲು ಇಡೀ ಮಧ್ಯಾಹ್ನ ಹೋಯಿತು. ಅದೇ ಷರತ್ತು ನಾಲ್ಕು ಕಡೆ ಇತ್ತು: ಪಟ್ಟಿಯ ಬಣ್ಣಕ್ಕೆ, ಮೊತ್ತಕ್ಕೆ, ಬಟನ್‌ಗೆ, ರಸೀದಿ ಲಿಂಕ್‌ಗೆ. ಪುಟದ ರೂಪ ಹೇಳುವ ಎಚ್‌ಟಿಎಂಎಲ್ ಎಲ್ಲಾ ಎಕೋ (echo, ಪುಟಕ್ಕೆ ಅಕ್ಷರ ಕಳಿಸುವ ಆದೇಶ) ಒಳಗೆ, ಪ್ರತಿ ಕೋಟ್ಸ್ ಹಿಂದೆ ಒಂದು ಬ್ಯಾಕ್‌ಸ್ಲ್ಯಾಶ್. ಪಕ್ಕದಲ್ಲಿ ಕೂತಿದ್ದ ಡಿಸೈನರ್ ಹುಡುಗಿ ಕೇಳಿದಳು: "ಅಕ್ಕಾ, ಈ ಬ್ರಾಕೆಟ್ ಯಾವುದನ್ನ ಮುಚ್ತಿದೆ?" ಮೇಲಿಂದ ಎಣಿಸಿಕೊಂಡು ಬಂದೇ ಹೇಳಬೇಕಾಯಿತು.

ಈಗ ಫೈಲಿನ ತಲೆಯಲ್ಲೇ ಒಂದು ಸಲ ತೀರ್ಮಾನ: ನಲ್ ಆದರೆ 'ಬಿಲ್ ಆಗಿಲ್ಲ', 0 ಆದರೆ 'ಕಟ್ಟಿದ್ದಾರೆ', ಉಳಿದಿದ್ದು 'ಬಾಕಿ'. ಹೋಲಿಕೆಗೆ ಮೂರು ಸಮ ಚಿಹ್ನೆ, ಯಾಕೆಂದರೆ ಎರಡೇ ಹಾಕಿದರೆ ನಲ್ ಮತ್ತು 0 ಮತ್ತೆ ಒಂದೇ ಆಗುತ್ತವೆ. ಕೆಳಗೆ ಎಚ್‌ಟಿಎಂಎಲ್ ಎಚ್‌ಟಿಎಂಎಲ್ ಆಗಿಯೇ ಇದೆ. ನಡುವೆ ಕರ್ಲಿ ಬ್ರಾಕೆಟ್ ಬದಲು ಕೋಲನ್ ಹಾಕಿದ ಇಫ್ (if, ಷರತ್ತು), ಮುಚ್ಚಲು ಎಂಡ್‌ಇಫ್ (endif), ಪಟ್ಟಿಗಾದರೆ ಎಂಡ್‌ಫೋರ್‌ಈಚ್ (endforeach). ಯಾವುದು ಎಲ್ಲಿ ಮುಗಿಯಿತು ಅಂತ ಪದವೇ ಹೇಳುತ್ತದೆ. ಒಂದು ಎಚ್ಚರಿಕೆ: ಈ ಕೋಲನ್ ಶೈಲಿಯಲ್ಲಿ ಮುಂದಿನ ಷರತ್ತಿನ ಎಲ್ಸ್‌ಇಫ್ (elseif) ಅನ್ನು ಕೂಡಿಸಿಯೇ ಬರೆಯಬೇಕು, ನಡುವೆ ಜಾಗ ಬಿಟ್ಟರೆ ಪಾರ್ಸ್ ಎರರ್, ಅಂದರೆ ಕೋಡ್ ಓದಲಾಗದೆ ಪುಟವೇ ನಿಲ್ಲುತ್ತದೆ. ಮೌಲ್ಯವನ್ನು ಪುಟದಲ್ಲಿ ತೋರಿಸಲು ಸಮ ಚಿಹ್ನೆಯ ಚಿಕ್ಕ ಟ್ಯಾಗ್ (<?=) ಸಾಕು, ಪಿಎಚ್‌ಪಿ 5.4 ಆವೃತ್ತಿಯಿಂದ ಅದು ಎಲ್ಲ ಸರ್ವರ್‌ನಲ್ಲೂ ನಡೆಯುತ್ತದೆ. ನಿವಾಸಿಗಳು ತುಂಬಿದ ಹೆಸರು, ಟಿಪ್ಪಣಿ ಮಾತ್ರ, ಅದರೊಳಗಿನ ಚಿಹ್ನೆಗಳು ಕೋಡ್ ಆಗದಂತೆ ಬದಲಿಸುವ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ (htmlspecialchars) ದಾಟದೆ ಪುಟಕ್ಕೆ ಬರಕೂಡದು. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಸಂಜೆ ಆ ಹಿರಿಯರಿಗೆ ನಾನೇ ಫೋನ್ ಮಾಡಿ, ಪುಟ ರೀಲೋಡ್ ಮಾಡಿ ಅಂದೆ. "ಹಾಂ, ಬಂತು ನೋಡಮ್ಮಾ" ಅಂದರು. ವಿಸಿಟರ್ ಪುಟ ಇನ್ನೂ ಹಳೆಯ ರೀತಿಯಲ್ಲೇ ಇದೆ. ಈ ವಾರ ಅದನ್ನು ಬಿಚ್ಚುತ್ತಿದ್ದೇನೆ.