ಗೋಡೆಯಿಂದ ಕಿತ್ತ ಚಿತ್ರ

ಸ್ಪೇನಿನ ಪಿರೆನೀಸ್ ಬೆಟ್ಟಸಾಲಿನಲ್ಲಿ ತಾಊಲ್ ಅಂತ ಒಂದು ಪುಟ್ಟ ಊರು. ಅಲ್ಲಿನ ಸಾಂತ್ ಕ್ಲಿಮೆಂತ್ ಚರ್ಚಿನ ಕತೆ ಎರಡು ದಿನದಿಂದ ತಲೆ ತಿಂತಾ ಇದೆ. ರೋಮನೆಸ್ಕ್ ಅಂದರೆ ಮಧ್ಯಯುಗದ ಯುರೋಪಿನ, ದಪ್ಪ ಗೋಡೆ ದುಂಡು ಕಮಾನಿನ ಶೈಲಿಯ ಕಲ್ಲಿನ ಕಟ್ಟಡ, ಪಕ್ಕಕ್ಕೆ ಎತ್ತರದ ಗಂಟೆಗೋಪುರ. 1123ರ ಡಿಸೆಂಬರ್ 10ಕ್ಕೆ ಪ್ರತಿಷ್ಠೆ ಮಾಡಿದ್ದು ಬಿಷಪ್ ರಾಮೋನ್. ಅದನ್ನು ಒಳಗಿನ ಕಂಬದ ಮೇಲೇ ಬರೆದಿಟ್ಟಿದ್ದರು. ಮಾರನೇ ದಿನವೇ ಅದೇ ಊರಿನ ಸಾಂತಾ ಮರಿಯಾ ಚರ್ಚಿನ ಪ್ರತಿಷ್ಠೆ. ಅಷ್ಟು ಚಿಕ್ಕ ಊರಿಗೆ ಎಷ್ಟು ಗಡಿಬಿಡಿ ಆಗಿರಬೇಡ!

1919ರ ಹೊತ್ತಿಗೆ ಆ ಭಾಗದ ಚರ್ಚುಗಳ ಗೋಡೆಚಿತ್ರಗಳ ಮೇಲೆ ವ್ಯಾಪಾರಿಗಳ ಕಣ್ಣು ಬಿತ್ತು. ಮುರ್ ಅನ್ನೋ ಜಾಗದ ಚಿತ್ರ ಕೈಬದಲಾಗಿ ಕೊನೆಗೆ ಅಮೆರಿಕದ ಬಾಸ್ಟನ್ ಸೇರಿತು. ಉಳಿದವನ್ನಾದರೂ ಉಳಿಸಿಕೊಳ್ಳೋಣ ಅಂತ ಬಾರ್ಸಿಲೋನಾದವರು ಇಟಲಿಯ ಕೆಲಸಗಾರರನ್ನೇ ಕರೆಸಿದರು. ಚಿತ್ರದ ಮೇಲೆ ಅಂಟು ಬಳಿದು, ಬಟ್ಟೆ ಹಚ್ಚಿ, ಒಣಗಲು ಬಿಟ್ಟು, ಆಮೇಲೆ ನಿಧಾನಕ್ಕೆ ಎಳೆದರೆ ಬಣ್ಣದ ತೆಳುಪದರ ಬಟ್ಟೆ ಜೊತೆಗೇ ಬಂದುಬಿಡುತ್ತದೆ. ಅದನ್ನು ಚಾಪೆಯ ಹಾಗೆ ಸುತ್ತಿ ಸಾಗಿಸಿದರು. ಸಾಂತ್ ಕ್ಲಿಮೆಂತ್ ಗೋಡೆಯಲ್ಲಿದ್ದ ದೊಡ್ಡ ಕಣ್ಣಿನ ಕ್ರಿಸ್ತನ ಚಿತ್ರ ಈಗ ಇರೋದು ಬಾರ್ಸಿಲೋನಾದ ಮ್ಯೂಸಿಯಂನಲ್ಲಿ.

ಇದು ರಕ್ಷಣೆಯೋ ಕಳ್ಳತನದ ಇನ್ನೊಂದು ರೂಪವೋ? ನನ್ನ ಪ್ರಕಾರ ರಕ್ಷಣೆಯೇ, ಆದರೂ ಊರವರ ಜಾಗದಲ್ಲಿ ನಿಂತು ಯೋಚಿಸಿದರೆ ಹೊಟ್ಟೆ ಚುರ್ ಅನ್ನುತ್ತದೆ ಅಲ್ವಾ?

ಚರ್ಚಿನಲ್ಲಿ ಬಹುಕಾಲ ನಕಲು ಚಿತ್ರ ಇತ್ತು. ಆಮೇಲೆ ಅದನ್ನೂ ತೆಗೆದರು. ಗೋಡೆಯಲ್ಲಿ ಮೂಲ ಚಿತ್ರದ ಚೂರುಗಳು ಇನ್ನೂ ಉಳಿದಿದ್ದವು. 2013ರಿಂದ ಪ್ರೊಜೆಕ್ಟರ್ ಹಾಕಿ ಪೂರ್ತಿ ಚಿತ್ರವನ್ನು ಅದೇ ಗೋಡೆ ಮೇಲೆ ಬೆಳಕಿನಲ್ಲೇ ತೋರಿಸ್ತಾರೆ. ಪ್ಲಾಸ್ಟರ್ ನಕಲಿಗಿಂತ ಇದೇ ಜಾಸ್ತಿ ಪ್ರಾಮಾಣಿಕ ಅನ್ನಿಸಿತು ನನಗೆ. ವೀಡಿಯೋ ಸಿಕ್ಕರೆ ನೋಡಿ.